ಕೋಟಿನ ಮೇಲಿನ ಕಾಜಾ

ಬೆಳಗ್ಗೆ ಎದ್ದ ಕೂಡಲೇ ಟೈಲರನ ಹೆಂಡತಿ ಗುಂಡಿ ತೂರಿಸುವ ಕಾಜಾ ಕತ್ತರಿಸುವ ಪುಟ್ಟ ಕತ್ತರಿ ಎತ್ತಿಕೊಂಡು, ಅದರ ಹಿಡಿಯೊಳಗೆ ಬೆರಳು ತೂರಿಸಿ ನೋಡುತ್ತಾಳೆ. ಗೆಣ್ಣಿನ ಹತ್ತಿರ ಸಿಕ್ಕಿಕೊಳ್ಳುತ್ತದೆ. ಗೆಣ್ಣುಗಳು ಊದಿ ಬಿಸಿಯಾಗಿವೆ. ಎರಡು ತಾಸು ಕಳೆಯದೆ ಮುಷ್ಟಿ ಮಡಚುವುದಿಲ್ಲ. ಲೋಟ ಹಿಡಿಯಲೂ ಎರಡು ಕೈ ಬೇಕು.

ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಗಂಡನ ಮಿಷನ್ ಓಡುವ ಸದ್ದು. ಪಕ್ಕದಲ್ಲಿರುವ ಅವಳ ಸ್ಟೂಲಿನ ಮೇಲೆ ಈಗ ಬಟ್ಟೆಯ ಗಂಟು ಕೂತಿದೆ. ಇಪ್ಪತ್ತೆರಡು ವರ್ಷ ಅವಳು ಅಲ್ಲಿ ಕೂತು ಕೈಯಲ್ಲೇ ಕಾಜಾ ಹೊಲಿದವಳು. ದಾರ ಪೋಣಿಸುವುದು, ಹೊಲಿಯುವುದು, ದಾರವನ್ನು ಹಲ್ಲಿನಲ್ಲಿ ಕಡಿದು ಮುಂದಿನ ಕಾಜಾಕ್ಕೆ ಹೋಗುವುದು. ಮತ್ತೆ ಅಷ್ಟು ಸಿಕ್ಕರೆ ಸಾಕಿತ್ತು ಅವಳಿಗೆ.

ಒಂದು ದಿನ ಪಕ್ಕದ ಬೀದಿಯ ನರ್ಸ್ ತನ್ನ ಬಿಳಿ ಕೋಟು ಕೇಳಿಕೊಂಡು ಬಂದಳು.

"ಏನಣ್ಣಾ, ನಾನು ರಿಟೈರ್ ಆದಮೇಲೆ ಕೊಡ್ತೀರಾ?"

"ಕೋಟು ರೆಡಿ ಇದೆಯಮ್ಮ. ಐದು ಕಾಜಾ ಬಾಕಿ. ಮಿಷನ್‌ನಲ್ಲಿ ಹಾಕ್ತೀನಿ ಅಂದ್ರೆ ಇವಳು ಬಿಡಲ್ಲ. ನಾನೇ ಹಾಕ್ತೀನಿ, ನಾಳೆ, ನಾಳೆ ಅಂತಾಳೆ."

ನರ್ಸ್ ಒಳಗೆ ಹೋಗಿ ಅವಳ ಕೈ ಹಿಡಿದು ನೋಡಿದಳು.

"ಅಕ್ಕಾ, ಎರಡು ತಿಂಗಳ ಹಿಂದೆ ಇದೇ ಕೈಲಿ ನನ್ನ ಅಳತೆ ತಗೊಂಡ್ರಿ. ಆಸ್ಪತ್ರೆ ಮಾತ್ರೆ ನುಂಗ್ತಿದ್ದೀರಾ?"

ಅವಳು ಕತ್ತರಿಯನ್ನು ದಿಂಬಿನಡಿ ಸರಿಸಿದಳು.

"ಬಿಟ್ಟೆ ಕಣೇ. ಬೆರಳು ಸರಿಹೋಗಿತ್ತಲ್ಲ! ಕಚ್ಚಾ ಹೊಲಿಗೆ ಎಲ್ಲೀವರೆಗೆ ಇರುತ್ತೆ? ಬಟ್ಟೆ ಕೂಡೋವರೆಗೆ. ಆಮೇಲೆ ಎಳೆದು ಬಿಸಾಕ್ತೀವಿ. ಮಾತ್ರೆನೂ ಹಾಗೇ ಅಂದ್ಕೊಂಡೆ."

"ಅದೇ ಪಕ್ಕಾ ಹೊಲಿಗೆ ಅಕ್ಕಾ. ನೀವು ಅದನ್ನೇ ಬಿಚ್ಚಿದ್ದೀರಿ."

ಟೈಲರ್ ಬಾಗಿಲಿಗೆ ಬಂದು ನಿಂತ. "ನಾನೂ ಬಿಡು ಅಂದೆ. ರೋಗ ತಡೆಯೋ ಶಕ್ತಿ ತಗ್ಗಿಸೋ ಮಾತ್ರೆ ಅಂತೆ! ಲೋಕವೆಲ್ಲ ಆ ಶಕ್ತಿ ಹೆಚ್ಚಲಿ ಅಂತ ಟಾನಿಕ್ ಕುಡೀತಿದ್ರೆ, ನಾವು ತಗ್ಗಲಿ ಅಂತ ಮಾತ್ರೆ ನುಂಗೋದಾ?"

"ಬೇಲಿನೇ ಎದ್ದು ಹೊಲ ಮೇಯ್ದ್ರೆ ಏನ್ಮಾಡ್ತೀರಣ್ಣಾ? ಬೇಲಿಗೆ ಗೊಬ್ಬರ ಹಾಕ್ತೀರಾ?"

ಟೈಲರ್ ಹೊಸ್ತಿಲ ಮೇಲೆ ಕೂತ.

"ಕ್ರಿಮಿ ಜೊತೆ ಹೊಡೆದಾಡಬೇಕಾದ ಶಕ್ತಿ ಅಕ್ಕನ ಕೀಲನ್ನೇ ಶತ್ರು ಅಂದ್ಕೊಂಡು ಕಡೀತಿದೆ. ಇದಕ್ಕೆ ಆಮವಾತ ಅಂತಾರೆ. ಯಾರ ತಪ್ಪೂ ಅಲ್ಲ, ಯಾರಿಗೂ ಅಂಟಲ್ಲ. ಮಾತ್ರೆ ಬೇಲಿ ಕಿತ್ತುಹಾಕಲ್ಲ. ಅದರ ಹಾರಾಟ ತಗ್ಗಿಸುತ್ತೆ."

"ಬೇಲಿ ತಗ್ಗಿತು ಅಂತ ಕಳ್ಳ ನುಗ್ಗಿದ್ರೆ?"

"ನುಗ್ಗಬಹುದು. ಸುಳ್ಳು ಹೇಳಲ್ಲ. ಅದಕ್ಕೇ ಜ್ವರ ಬಂದ್ರೆ, ಕೆಮ್ಮು ಬಿಡದಿದ್ರೆ ಅದೇ ದಿನ ಡಾಕ್ಟರಿಗೆ ಹೇಳಬೇಕು. ಹೇಳಿದ ದಿನಕ್ಕೆ ರಕ್ತ ಪರೀಕ್ಷೆ ಆಗಬೇಕು. ಲಸಿಕೆ ಹಾಕಿಸೋ ಮುಂಚೆ ಈ ಮಾತ್ರೆ ವಿಷಯ ಹೇಳಬೇಕು. ಅಕ್ಕನ ಚೀಟೀಲಿ ವಾರಕ್ಕೊಂದು ದಿನ ಅಂತಿದೆ. ಬೇಗ ವಾಸಿಯಾಗಲಿ ಅಂತ ದಿನಾ ನುಂಗಿದ್ರೆ ಪ್ರಾಣಕ್ಕೇ ಕುತ್ತು."

"ಹಾಗಾದ್ರೆ ಇವತ್ತೇ ಶುರು ಮಾಡ್ಲಾ?" ಎಂದಳು ಹೆಂಡತಿ.

"ನೀವೇ ಬಿಟ್ಟಿದ್ದು ಸಾಕು, ನೀವೇ ಶುರು ಮಾಡೋದೂ ಬೇಡ. ನಾಳೆ ಡಾಕ್ಟರ್ ಹತ್ರ ಹೋಗೋಣ."

"ಕೈ ಮೊದಲಿನ ಹಾಗೆ ಆಗುತ್ತಾ?"

ನರ್ಸ್ ಅವಳ ಬೆರಳುಗಳನ್ನು ಒಂದೊಂದಾಗಿ ನೋಡಿದಳು. "ಊತ ಇಳಿಯಬಹುದು. ತಿಂಗಳುಗಟ್ಟಲೆ ಕಾಯಬೇಕು. ಕಿರುಬೆರಳು ಆಗಲೇ ಸೊಟ್ಟಗಾಗಿದೆ ಅಕ್ಕಾ, ಅದು ಮಾತ್ರೆಗೆ ನೆಟ್ಟಗಾಗಲ್ಲ. ತಡ ಮಾಡಿದ್ರೆ ಮಿಕ್ಕವೂ ಅದರ ದಾರಿ ಹಿಡೀತಾವೆ."

ಹೆಂಡತಿ ಬಾಗಿಲಾಚೆ ನೋಡುತ್ತಾ ಹೇಳಿದಳು: "ರೀ, ಆ ಸ್ಟೂಲ್ ಮೇಲಿನ ಗಂಟು ತೆಗೀರಿ."

"ಈಗಲೇ ಕೂರ್ತೀಯಾ?"

"ಇಲ್ಲ. ಖಾಲಿ ಇರಲಿ."

ನಾಲ್ಕು ಕಾಜಾ ಮಿಷನ್‌ನಲ್ಲಿ ಆದವು. ಮೇಲಿನದೊಂದನ್ನು ಅಕ್ಕನ ಕೈಗೆಂದು ಬಿಟ್ಟು, ನರ್ಸ್ ಕೋಟು ತೊಟ್ಟು ಓಡಾಡಿದಳು. ಮರುದಿನ ಡಾಕ್ಟರು ಕೈ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆಯನ್ನು ಮತ್ತೆ ಶುರು ಮಾಡಿಸಿದರು. ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳು ಲೋಟಕ್ಕೆ ಒಂದು ಕೈ ಸಾಕಾಯಿತು. ನಡುವೆ ಜ್ವರ ಬಂದಾಗ ಗಂಡನೇ ಕೆಲಸ ಬಿಟ್ಟು ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ನಾಲ್ಕನೆಯ ತಿಂಗಳ ಒಂದು ಬೆಳಗ್ಗೆ ಕತ್ತರಿಯ ಹಿಡಿ ಗೆಣ್ಣು ದಾಟಿತು. ಅವಳು ಕೋಟಿಗೆ ಹೇಳಿ ಕಳುಹಿಸಿದಳು.

ಒಂದು ಕಾಜಾ ಮೊದಲು ಹತ್ತು ನಿಮಿಷದ ಕೆಲಸ. ಈಗ ಮಧ್ಯಾಹ್ನವೆಲ್ಲ ಹಿಡಿಯಿತು.

"ಸ್ವಲ್ಪ ಸೊಟ್ಟಗಿದೆಯಲ್ಲೇ," ಎಂದ ಗಂಡ.

"ನನ್ನ ಕಿರುಬೆರಳಿಗಿಂತ ನೆಟ್ಟಗಿದೆ," ಎಂದು ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು. ಅಂದು ವಾರದ ಮಾತ್ರೆಯ ದಿನ. ಗಂಡ ನೀರು ತಂದಿಟ್ಟ.

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಯಾರದಾದರೂ ಗೆಣ್ಣು ವಾರಗಟ್ಟಲೆ ಊದಿದ್ದರೆ, ಬೆಳಗ್ಗೆ ಕೈ ಮಡಚಲಾಗದಿದ್ದರೆ, ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ವೈದ್ಯರಿಗೆ ತೋರಿಸಿ. ಮಾತ್ರೆ ನಡೆಯುತ್ತಿದ್ದರೆ, ಆರಾಮಾಯಿತೆಂದಾಗಲಿ ಹೆದರಿಯಾಗಲಿ ನೀವೇ ನಿಲ್ಲಿಸಬೇಡಿ. ಬಿಡುವ ಮುಂಚೆ ಕೇಳಿ. ಬಿಟ್ಟ ಮೇಲೆ ಕೇಳಿದರೆ ಉತ್ತರ ಸಿಗುತ್ತದೆ, ಬೆರಳು ಸಿಗದೆ ಹೋಗಬಹುದು.