‘ಬ್ಲಿಟ್ಜ್’ ಪದದ ಚೀಟಿ

ನಿಘಂಟು ಕಚೇರಿಯಲ್ಲಿ ನನ್ನ ಕೆಲಸ ಚೀಟಿ ಬರೆಯುವುದು. ಪದಕ್ಕೊಂದು ಚೀಟಿ: ಮೂಲ, ಅರ್ಥ, ಬಳಕೆಯ ಒಂದು ವಾಕ್ಯ. ವಾಕ್ಯವನ್ನು ನಾವೇ ಹೊಸೆಯುವಂತಿಲ್ಲ. ಯಾರಾದರೂ ಆಡಿದ್ದೇ ಆಗಬೇಕು. ಆಡಿದವರು ಯಾರು, ಯಾವತ್ತು ಎಂದೂ ಬರೆಯಬೇಕು. ಇಪ್ಪತ್ತಾರು ವರ್ಷ ಇದನ್ನೇ ಗೀಚಿದ ನಾನು ಮನೆಯವರ ಪಾಲಿಗೆ ಬೃಹಸ್ಪತಿ.

ಬಾಂಬು ಬೀಳತೊಡಗಿದ ಎರಡನೇ ಬೆಳಿಗ್ಗೆ ಅಕ್ಕ ಕಚೇರಿಗೇ ಫೋನ್ ಮಾಡಿದಳು. ಅವಳ ಮನೆ ನದಿಯಾಚೆ, ರೈಲ್ವೆ ಯಾರ್ಡಿನ ಪಕ್ಕ.

“ಬೀದಿಯವರೆಲ್ಲ ಹೊರಟ್ರು ಕಣೋ. ಹನ್ನೊಂದಕ್ಕೆ ಕೊನೇ ಬಸ್ಸಂತೆ. ನಾನೂ ಹೋಗ್ಲಾ? ರೇಡಿಯೋದಲ್ಲಿ ಬ್ಲಿಟ್ಜ್ ಬ್ಲಿಟ್ಜ್ ಅಂತ ಬಡ್ಕೋತಿದಾರೆ. ಹಾಗಂದ್ರೇನೋ?”

ಕೇಳಬೇಕೆ! ಪದದ ಮೂಲ ಎಂದರೆ ನನಗೆ ಊಟ ನಿದ್ದೆ ಬೇಡ.

“ಜರ್ಮನ್ ಪದ ಅಕ್ಕ. ಬ್ಲಿಟ್ಜ್ ಅಂದ್ರೆ ಮಿಂಚು. ಮಿಂಚಿನ ಯುದ್ಧ. ಫಳ್ ಅಂತ ಬರತ್ತೆ, ಹೋಗತ್ತೆ. ಎರಡು ದಿನ ತಡ್ಕೋ. ಆ ಮಂಡಿನೋವಲ್ಲಿ ಬಸ್ಸಲ್ಲಿ ನಿಂತ್ಕೊಂಡು ಹೋಗ್ತೀಯಾ?”

“ಓದಿದವನು ನೀನು. ನೀನಂದ್ರೆ ಸರಿ,” ಎಂದು ನಕ್ಕಳು. ಕಟ್ಟಿದ ಚೀಲ ಬಿಚ್ಚುತ್ತೇನೆ ಎಂದಳು.

ನನ್ನ ನಾಲಿಗೆ ಸೇದಿಹೋಗ! ಮರುದಿನವೇ ಸೇತುವೆ ಬಿತ್ತು. ಅವಳು ಬರುವಂತಿಲ್ಲ, ನಾನು ಹೋಗುವಂತಿಲ್ಲ. ಎಂಟನೇ ದಿನ ಮಧ್ಯಾಹ್ನ ಮತ್ತೆ ಫೋನ್ ಬಂತು. ಅವಳ ಮಾತಿಗಿಂತ ಹಿಂದಿನ ಸದ್ದೇ ಜೋರಾಗಿತ್ತು.

“ಬ್ಲಿಟ್ಜ್ ಅಂದ್ರೆ ಮಿಂಚಲ್ಲ ಕಣೋ. ಎಂಟು ದಿನ ಆಯ್ತು, ನಿಲ್ತಾನೇ ಇಲ್ಲ. ನಿನ್ ಪುಸ್ತಕದಲ್ಲಿ ಸರಿಯಾಗಿ ಬರ್ಕೋ.” ಒಂದು ಮಾತೂ ಬೈಯಲಿಲ್ಲ. “ಊಟ ಆಯ್ತಾ?” ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಲೈನ್ ಕಡಿದುಹೋಯಿತು.

ಹನ್ನೆರಡನೇ ದಿನ ಸತ್ತವರ ಪಟ್ಟಿಯಲ್ಲಿ ಅವಳ ಹೆಸರಿತ್ತು. ಹನ್ನೊಂದರ ಬಸ್ಸು ಹತ್ತಿದವರೆಲ್ಲ ಬದುಕಿದ್ದಾರೆ. ಅಕ್ಕನ ಪಕ್ಕದ ಮನೆಯಾಕೆ ಸಿಕ್ಕಿ, ಅಂಗೈಯಲ್ಲೇ ಕಣ್ಣೊರೆಸಿಕೊಳ್ಳುತ್ತ ಹೇಳಿದಳು: “ಅವರಿಗೆ ಅಂತ ಸೀಟು ಹಿಡಿದಿಟ್ಟಿದ್ದೆ.” ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು.

ತಿಂಗಳು ಕಳೆದ ಮೇಲೆ ಸಂಪಾದಕರು ನಾನು ಬರೆದಿಟ್ಟಿದ್ದ ‘ಬ್ಲಿಟ್ಜ್’ ಚೀಟಿ ಹಿಡಿದು ಬಂದರು. “ಮೂಲ ಮಾತ್ರ ಬರೆದಿದೀರಿ. ಅರ್ಥ ಇಲ್ಲ, ವಾಕ್ಯ ಇಲ್ಲ. ಏನ್ರೀ ಇದು?”

ಕೂತು ಬರೆದೆ. ಅರ್ಥ: ಎಡೆಬಿಡದ ದಾಳಿ. ವಾಕ್ಯ: ‘ಬ್ಲಿಟ್ಜ್ ಅಂದ್ರೆ ಮಿಂಚಲ್ಲ ಕಣೋ. ಎಂಟು ದಿನ ಆಯ್ತು, ನಿಲ್ತಾನೇ ಇಲ್ಲ.’ ಆಡಿದವರು: ನನ್ನಕ್ಕ. ಯಾವತ್ತು: ಎಂಟನೇ ದಿನ, ಮಧ್ಯಾಹ್ನ.

ಸಂಪಾದಕರು ಎರಡು ಸಲ ಓದಿದರು. “ಹಾಗಾದ್ರೆ ಮೂಲ ತಪ್ಪಾ? ಹೊಡೆದುಹಾಕ್ಲಾ?” ಎಂದು ಮೆಲ್ಲಗೆ ಕೇಳಿದರು.

“ಮೂಲ ಸರಿಯಾಗೇ ಇದೆ ಸಾರ್,” ಎಂದೆ. “ತಪ್ಪಿದ್ದು ನಾನು.”