ಡ್ರೈವರನ ಜಾಗ

ಮಗಳು ನೀಲಮ ವಿಮಾನ ಕಂಪನಿಯ ನೌಕರಳು. ಅವಳ ಪಾಸಿನಲ್ಲಿ ತಾಯಿ ಸುಂದರಾಬಾಯಿಗೆ ಸೀಟು ಸಿಗುವುದು, ಎಲ್ಲರೂ ಹತ್ತಿದ ಮೇಲೆ ಉಳಿದರೆ ಮಾತ್ರ. ಅಂದು ಮುಂಬೈಯಿಂದ ಬೆಳಗಾವಿಗೆ ಉಳಿದದ್ದು ಒಂದೇ ಸೀಟು. ಅಷ್ಟರಲ್ಲಿ ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದ ಬೆಳಗಾವಿಯ ಪೈಲಟ್ ಬಂದ.

"ಅವ್ವಾ, ಪೈಲಟ್‌ಗೆ ಮೊದಲ ಹಕ್ಕು. ನೀ ನಾಳಿ ಹೋಗು," ಎಂದಳು ನೀಲಮ.

ಚಿಕ್ಕೋಡಿಯ ಬಸ್ ಡ್ರೈವರನ ಹೆಂಡತಿ ಸುಂದರಾಬಾಯಿ ಸೆರಗು ಸಿಕ್ಕಿಸಿಕೊಂಡು ನೇರ ಪೈಲಟ್‌ನ ಎದುರು ನಿಂತಳು.

"ಸಾಹೇಬ್ರ, ನಮ್ಮ ಬಸ್ಸಿನ್ಯಾಗ ಮನಿಗೆ ಹೊಂಟ ಡ್ರೈವರ್ ಗಾಡಿ ಓಡಸಾಂವನ ಬಾಜೂಕ ಬಾನೆಟ್ ಮ್ಯಾಲ ಕುಂಡ್ರತಾನ, ಸೀಟು ಮಂದಿಗೆ ಬಿಡತಾನ. ನಿಮ್ಮ ಇಮಾನದಾಗ ಮುಂದ ಜಾಗ ಇಲ್ಲೇನ್ರಿ?"

ಪೈಲಟ್ ಜೋರಾಗಿ ನಕ್ಕ. ಕಾಕ್‌ಪಿಟ್ಟಿನಲ್ಲಿ ಮಡಚುವ ಸೀಟೊಂದು ಖಾಲಿಯಿತ್ತು. ಕ್ಯಾಪ್ಟನ್‌ನನ್ನು ಕೇಳಿ ಅಲ್ಲಿಗೇ ಹೋದ; ಉಳಿದ ಸೀಟು ಸುಂದರಾಬಾಯಿಗಾಯಿತು.

"ನಿನಗ ಹೆಂಗ ಗೊತ್ತಾತು ಬೇ?" ನೀಲಮ ಬೆರಗಾಗಿ ಕೇಳಿದಳು.

"ಮೂವತ್ತು ವರ್ಷ ನಿಮ್ಮಪ್ಪನ ಕೂಡ ಬಾಳೇ ಮಾಡೀನಿ. ತನ್ನ ಜೋಡಿದಾರಗ ಜಾಗ ಇಡದ ಯಾವ ಡ್ರೈವರನೂ ಗಾಡಿ ಓಡಸಂಗಿಲ್ಲ!"