ತಂತಿ ಕೊಕ್ಕೆ

ಸಿಗರೇಟು ಬಿಡುವುದಕ್ಕೆಂದು ಸಭೆ ಸೇರುವವರನ್ನು ಕಂಡರೆ ಶಶಿಕುಮಾರನಿಗೆ ಮೈಯೆಲ್ಲ ಉರಿಯುತ್ತಿತ್ತು. ಪ್ರತಿ ಭಾನುವಾರ ದೊಡ್ಡಬಳ್ಳಾಪುರದಲ್ಲಿ ಪದ್ಮಶ್ರೀಯ ಟೈಲರಿಂಗ್ ಅಂಗಡಿಯ ಮಹಡಿ ಮೇಲೆ ಎಂಟು ಹತ್ತು ಮಂದಿ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಹೆಣ್ಣಾಗಿ ಬದುಕಬೇಕೆಂದು ಮನೆ ಬಿಟ್ಟು ಬಂದಿದ್ದ ಪದ್ಮಶ್ರೀ, ಅವಳ ಹಾಗೆಯೇ ಬಂದ ಇನ್ನಿಬ್ಬರು, ಗಂಡಸರನ್ನೇ ಪ್ರೀತಿಸುವ ಕೆಲವು ಗಂಡಸರು, ಸೋಂಪುರದ ಫ್ಯಾಕ್ಟರಿಯಿಂದ ಬರುವ ಒಂದು ಜೋಡಿ ಹುಡುಗಿಯರು. ತಂಬಾಕು ಮುಟ್ಟದೆ ಎಷ್ಟು ದಿನವಾಯಿತೆಂದು ಒಬ್ಬೊಬ್ಬರಾಗಿ ಹೇಳಬೇಕು. ಹೇಳಿದವರಿಗೆಲ್ಲ ಚಪ್ಪಾಳೆ. ಎರಡು ದಿನ ಎಂದವನಿಗೂ ಚಪ್ಪಾಳೆ, ಮೊನ್ನೆ ಸೇದಿಬಿಟ್ಟೆ ಎಂದು ಮೂಗು ಒರೆಸಿಕೊಂಡವಳಿಗೂ ಚಪ್ಪಾಳೆ. ಅಂಗನವಾಡಿಯಲ್ಲಾದರೂ ಕೊನೆಗೆ ಒಂದು ಉಂಡೆ ಕೊಡುತ್ತಾರೆ ಎಂದು ಶಶಿ ಗೊಣಗುತ್ತಿದ್ದ.

ಅವನು ಅಲ್ಲಿಗೆ ಹೋಗುತ್ತಿದ್ದುದು ನಂದೀಶನಿಗಾಗಿ. ಲಕ್ಷ್ಮಣಪ್ಪನವರ ಪವರ್‌ಲೂಮ್ ಷೆಡ್ಡಿನಲ್ಲಿ ಇಬ್ಬರೂ ಒಂದೇ ಮಗ್ಗ ನಡೆಸುತ್ತಿದ್ದರು. ಬೆಳಗ್ಗೆ ಆರರಿಂದ ಎರಡರವರೆಗೆ ಶಶಿ, ಆಮೇಲೆ ನಂದೀಶ್. ಊರಿಗೆ ಅವರು ದೋಸ್ತಿಗಳು. ಆರು ವರ್ಷದಿಂದ ಅದಕ್ಕಿಂತ ಹೆಚ್ಚೇನೆಂಬುದು ಚಾಪೆಯ ಮೇಲಿನವರಿಗೆ ಮಾತ್ರ ಗೊತ್ತು. ಮಗ್ಗದ ಲಾಳಿಯಲ್ಲಿ ನೂಲು ಮುಗಿದಾಗಲೆಲ್ಲ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿ, ಲಾಳಿಯ ಸಣ್ಣ ಕಣ್ಣಿಗೆ ಬಾಯಿಟ್ಟು ಉಸಿರೆಳೆದರೆ ಎಳೆ ಹೊರಗೆ ಬರುತ್ತದೆ. ಎರಡು ಗಂಟೆಗೆ ಅದೇ ಲಾಳಿ ಶಶಿಯ ಬಾಯಿಂದ ನಂದೀಶನ ಬಾಯಿಗೆ ಹೋಗುತ್ತಿತ್ತು. ಬೀದಿಯಲ್ಲಿ ಕೈ ಹಿಡಿಯಲಾಗದವರಿಗೆ ಹಾಡಹಗಲಲ್ಲಿ, ಮಾಲೀಕರ ಕಣ್ಣೆದುರೇ ಸಿಗುತ್ತಿದ್ದ ಮುತ್ತು ಅದೊಂದೇ. ಅದನ್ನು ಅವರು ಒಮ್ಮೆಯೂ ಮಾತಿನಲ್ಲಿ ಹೇಳಿಕೊಂಡಿರಲಿಲ್ಲ.

ನಂದೀಶನ ಕೆನ್ನೆಯೊಳಗೆ ಒಂದು ಬಿಳಿ ಮಚ್ಚೆ ಎದ್ದಿತ್ತು. ಸೇದುವುದನ್ನು ಬಿಡದಿದ್ದರೆ ಅದು ಕ್ಯಾನ್ಸರ್‌ಗೆ ತಿರುಗಬಹುದೆಂದು ಡಾಕ್ಟರು ಹೇಳಿದ ದಿನವೇ ಶಶಿ ಎದೆ ತಟ್ಟಿಕೊಂಡಿದ್ದ.

"ನೀನ್ ಬಿಟ್ರೆ ನಾನೂ ಬಿಡ್ತೀನಿ ಕಣೋ. ನಿನ್ನ ಮುಂದೆ ಹೊಗೆ ಬಿಟ್ಕೊಂಡ್ ನಿಂತ್ಕೊಳೋಷ್ಟು ನೀಚ ಅಲ್ಲ ನಾನು."

ನಂದೀಶ್ ಬಿಟ್ಟ. ಲವಂಗ ಅಗಿಯುತ್ತಾ, ಕಂಡವರ ಮೇಲೆಲ್ಲ ಸಿಡುಕುತ್ತಾ, ನಿದ್ದೆಗೆಟ್ಟು ಬಿಟ್ಟ. ಶಶಿಯೂ ಬಿಟ್ಟ, ಹನ್ನೆರಡು ದಿನ. ಹದಿಮೂರನೆಯ ದಿನ ಷೆಡ್ಡಿನ ಹಿಂದಿನ ನೀರಿನ ತೊಟ್ಟಿಯ ಮರೆಯಲ್ಲಿ ಒಂದೇ ಒಂದು ಎಂದು ಹಚ್ಚಿದ. ಮಾರನೆಯ ದಿನದಿಂದ ಅದು ಮೂರಾಯಿತು. ಸೇದಿದ ಮೇಲೆ ಬಾಯಿ ಮುಕ್ಕಳಿಸಿ, ಸೋಂಪು ಅಗಿದು, ಬೆರಳಿಗೆ ಸೋಪು ಹಚ್ಚಿ, ಅಂಗಿ ಬದಲಿಸಿ ಮಗ್ಗಕ್ಕೆ ಮರಳುತ್ತಿದ್ದ. ತನ್ನಷ್ಟು ಚಾಲಾಕಿ ಇಡೀ ತಾಲ್ಲೂಕಿನಲ್ಲಿ ಇಲ್ಲವೆಂದು ಅವನ ಎಣಿಕೆ.

ಆ ಭಾನುವಾರ ಪದ್ಮಶ್ರೀ ಹೇಳುತ್ತಿದ್ದಳು: "ನಮ್ಮಂಥೋರಿಗೆ ಇದು ಬರೀ ಚಟ ಅಲ್ಲ ಕಣ್ರಪ್ಪ. ಬಸ್ ಸ್ಟ್ಯಾಂಡಲ್ಲಿ ಇಷ್ಟ ಆದೋರ್ ಹತ್ರ ಹೋಗಿ ಏನಂತ ಮಾತಾಡ್ಸೋದು? ಬೆಂಕಿಪೊಟ್ಣ ಇದ್ಯಾ ಅಂತ ಕೇಳ್ಬೋದಿತ್ತು. ಅದಕ್ಕೇ ಬಿಡೋದು ಕಷ್ಟ."

ಶಶಿಗೆ ನಂದೀಶ್ ಸಿಕ್ಕಿದ್ದೇ ಹಾಗೆ. ಆದರೂ ಅವನು ಸುಮ್ಮನಿರಬೇಕಲ್ಲ!

"ಶುರುವಾಯ್ತು ಪುರಾಣ," ಎಂದ. "ಬಿಡೋಕೆ ಗಂಡೆದೆ ಬೇಕು, ಅಷ್ಟೆ. ಚಾಪೆ ಯಾಕೆ, ಚಪ್ಪಾಳೆ ಯಾಕೆ? ನಂಗೆ ಇವತ್ತಿಗೆ ಮೂವತ್ತು ದಿನ. ಒಂದ್ ಲವಂಗಾನೂ ಅಗಿದಿಲ್ಲ."

ಪದ್ಮಶ್ರೀಯ ಎದುರು ಕೂತು ಗಂಡೆದೆಯ ಮಾತಾಡುವುದಕ್ಕೆ ಎಂಥ ಭಂಡತನ ಬೇಕು! ಅವಳು ಅದಕ್ಕೂ ಚಪ್ಪಾಳೆ ತಟ್ಟಿದಳು. ನಂದೀಶ್ ತಟ್ಟಲಿಲ್ಲ. ಚಾಪೆಯ ಅಂಚಿನಲ್ಲಿ ಎದ್ದಿದ್ದ ಕಡ್ಡಿಯೊಂದನ್ನು ಕೀಳುತ್ತಾ ಕೂತಿದ್ದ.

ಸೋಮವಾರ ಎರಡು ಗಂಟೆಗೆ ಶಶಿ ಲಾಳಿ ಕೊಟ್ಟ. ನಂದೀಶ್ ಜೇಬಿನಿಂದ ತಂತಿಯ ಕೊಕ್ಕೆಯೊಂದನ್ನು ತೆಗೆದು ಲಾಳಿಯ ಕಣ್ಣಿಗೆ ತೂರಿಸಿ ಎಳೆಯನ್ನು ಹೊರಗೆಳೆದ.

"ಏನ್ ಗುರು, ಡಾಕ್ಟ್ರು ಹೇಳಿದ್ರಾ?" ಶಶಿ ನಕ್ಕ.

"ಇಲ್ಲ. ಹದಿನೆಂಟು ದಿನದಿಂದ ಲಾಳಿ ಹೊಗೆ ನಾತ ಹೊಡೀತಿದೆ."

ಸುತ್ತಲಿನ ಮಗ್ಗಗಳ ಗದ್ದಲದಲ್ಲಿ ಆ ಮಾತು ಶಶಿಯೊಬ್ಬನಿಗೇ ಕೇಳಿಸಿತು. ಹಲ್ಲು, ನಾಲಿಗೆ, ಬೆರಳು, ಅಂಗಿ ಎಲ್ಲ ತೊಳೆದ ಮಹಾ ಬುದ್ಧಿವಂತ ಲಾಳಿಯನ್ನು ಮರೆತಿದ್ದ. ಹದಿನೈದು ವರ್ಷದಿಂದ ದಿನಕ್ಕೆ ನೂರು ಸಲ ಅದಕ್ಕೆ ಬಾಯಿಡುವವನು!

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ," ಎಂದ ನಂದೀಶ್. "ಬಾಯಿಟ್ಟಾಗೆಲ್ಲ ನಂಗೂ ಸೇದ್ಬೇಕು ಅನ್ಸೋದು, ತಡ್ಕೊಂಡೆ. ನಿನ್ನೆ ಅವ್ರೆಲ್ಲರ ಮುಂದೆ ಗಂಡೆದೆ ಅಂದ್ಯಲ್ಲ, ಅಸಹ್ಯ ಆಗ್ಬಿಡ್ತು ಕಣೋ."

ಮಾರನೆಯ ಬೆಳಗ್ಗೆ ಶಶಿ ಮೊದಲ ಕಂಡಿಕೆ ಹಾಕಿ ಲಾಳಿಗೆ ಬಾಯಿಟ್ಟ. ತಿಂಗಳಿಂದ ಪ್ರತಿ ಬೆಳಗ್ಗೆ ಅಲ್ಲಿ ಲವಂಗದ ಖಾರ ಇರುತ್ತಿತ್ತು. ಈಗ ಬರೀ ಮರದ ರುಚಿ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಮಚ್ಚೆ ಎದ್ದ ಬಾಯಿಗೆ ಹದಿನೆಂಟು ದಿನ ತನ್ನ ಕೈಯಾರೆ ಆಸೆ ತಿನ್ನಿಸಿದ್ದ. ಕಣ್ಣು ತುಂಬಿ ಎಳೆ ಕಾಣದೆ ಮಗ್ಗ ಚಾಲು ಮಾಡುವುದಕ್ಕೇ ತಡವಾಯಿತು. ಇಷ್ಟಾದ ಮೇಲೂ ಟೀ ಹೊತ್ತಿಗೆ ತೊಟ್ಟಿಯ ಹಿಂದೆ ಹೋಗಿ ಒಂದು ಸೇದಿದ. ಅವನ ಎದೆಯ ಗಟ್ಟಿತನ ಅಷ್ಟೇ.

ಭಾನುವಾರ ಚಾಪೆಯ ಮೇಲೆ ಅವನ ಸರದಿ ಬಂತು.

"ಒಂದ್ ದಿನಾನೂ ಇಲ್ಲ," ಎಂದ. "ಹೋದ್ ವಾರ ಸುಳ್ಳು ಹೇಳ್ದೆ. ಬೆಳಗ್ಗೇನೂ ಸೇದಿದ್ದೀನಿ. ನಂಗೆ ಒಬ್ನೇ ಬಿಡೋಕಾಗ್ತಿಲ್ಲ ಪದ್ಮಕ್ಕ."

ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿಟ್ಟು ಅವರಿಗೆ ಬೇರೇನೂ ಗೊತ್ತಿಲ್ಲ ಎಂದು ಆಡಿಕೊಂಡಿದ್ದವನಿಗೆ ಈಗ ಆ ಸದ್ದು ತಾಳಲಾಗದೆ ತಲೆ ತಗ್ಗಿತು. ನಂದೀಶ್ ಈ ಸಲವೂ ತಟ್ಟಲಿಲ್ಲ. ಜೇಬಿನಿಂದ ಲವಂಗದ ಡಬ್ಬಿ ತೆಗೆದು ತಾನೊಂದು ಬಾಯಿಗೆ ಹಾಕಿಕೊಂಡು, ಮುಚ್ಚಳ ಹಾಕದೆ ಇಬ್ಬರ ನಡುವೆ ಇಟ್ಟ.

ಸೋಮವಾರ ಎರಡು ಗಂಟೆಗೆ ಶಶಿ ಲವಂಗ ಅಗಿಯುತ್ತಾ ಲಾಳಿ ಕೊಟ್ಟ. ನಂದೀಶ್ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಈ ಸಲವೂ ಜೇಬಿನಿಂದ ಕೊಕ್ಕೆಯನ್ನೇ ತೆಗೆದ.